ಹಿರಿಯರು, ವಿಕಲಚೇತನರು ಮತ್ತು ಅವರ ಆರೈಕೆದಾರರಿಗೆ ನೆರವು ಹೊಂದಿಸುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಪಾರ್ಶ್ವವಾಯುವಿಗೆ ತುತ್ತಾದವರು ಆಸ್ಪತ್ರೆಯಿಂದ ಮನೆಗೆ ಮರಳಿದಾಗ, ಮಗುವಿನ ಬೆಳವಣಿಗೆಯಲ್ಲಿ ತೊಡಕಿದೆ ಎಂದು ವೈದ್ಯರು ತಿಳಿಸಿದಾಗ, ಮನೆಯವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ‘ನೆರವು ಎಲ್ಲಿ ಸಿಗುತ್ತದೆ?’ ಎಂಬುದು. ಪ್ರಶ್ನೆ ಸಹಜವೇ ಆದರೂ ಅದು ಎರಡನೆಯದಾಗಿ ಬರಬೇಕು. ಮೊದಲು ಕೇಳಬೇಕಾದದ್ದು ‘ಇವರಿಗೆ ಯಾವ ಕೆಲಸದಲ್ಲಿ, ದಿನದ ಯಾವ ಹೊತ್ತಿನಲ್ಲಿ, ಎಷ್ಟರ ಮಟ್ಟಿಗೆ ಸಹಾಯ ಬೇಕು?’ ಎಂಬುದನ್ನು. ಒಂದೇ ಕಾಯಿಲೆಯ ಇಬ್ಬರಲ್ಲಿ ಒಬ್ಬರಿಗೆ ಸ್ನಾನಕ್ಕೆ ಮಾತ್ರ ಆಸರೆ ಸಾಕು, ಇನ್ನೊಬ್ಬರನ್ನು ರಾತ್ರಿಯಿಡೀ ನೋಡಿಕೊಳ್ಳಬೇಕು. ಈ ಉತ್ತರ ಕೈಯಲ್ಲಿಲ್ಲದೆ ಹೊರಟವರು ಬೇಡದ ಸಾಧನಗಳನ್ನು ಕೊಳ್ಳುತ್ತಾರೆ, ಬೇಕಾದ ಸೇವೆಯನ್ನು ಕೇಳುವುದನ್ನೇ ಮರೆಯುತ್ತಾರೆ. ಆದ್ದರಿಂದ ಈ ಮಾರ್ಗದರ್ಶಿ ಒಂದು ನೋಟ್‌ಬುಕ್ಕಿನಿಂದ ಆರಂಭವಾಗುತ್ತದೆ.

ಹಂತ 1: ಅಗತ್ಯವನ್ನು ಬರೆದುಕೊಳ್ಳಿ

ಒಂದು ವಾರ ಗಮನವಿಟ್ಟು ನೋಡಿ, ನೋಡಿದ್ದನ್ನು ಅಂದಂದೇ ಬರೆಯಿರಿ. ಯಾವುದನ್ನು ಗಮನಿಸಬೇಕೆಂಬುದಕ್ಕೆ ವೈದ್ಯಲೋಕದಲ್ಲಿ ಹಳೆಯ, ಆದರೆ ಇಂದಿಗೂ ಬಳಕೆಯಲ್ಲಿರುವ ಎರಡು ಪಟ್ಟಿಗಳಿವೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ದೇಹಕ್ಕೆ ಸಂಬಂಧಿಸಿದ 6 ಮೂಲ ಕೆಲಸಗಳಿವೆ: ಸ್ನಾನ, ಬಟ್ಟೆ ತೊಡುವುದು, ಶೌಚಾಲಯದ ಬಳಕೆ, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರಗಳ ಮೇಲಿನ ಹಿಡಿತ ಮತ್ತು ಊಟ. ಸಂಶೋಧಕರಾದ ಲಾಟನ್ ಮತ್ತು ಬ್ರೋಡಿ 1969ರಲ್ಲಿ ಕೊಟ್ಟ ಇನ್ನೊಂದು ಪಟ್ಟಿಯಲ್ಲಿ ಸ್ವತಂತ್ರವಾಗಿ ಬಾಳಲು ಬೇಕಾದ 8 ಕೆಲಸಗಳಿವೆ: ಫೋನ್ ಬಳಸುವುದು, ಸಾಮಾನು ಕೊಳ್ಳುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಿಯ ನಿರ್ವಹಣೆ ಮತ್ತು ಹಣಕಾಸು. ವಯಸ್ಸಾಗುತ್ತಾ ಹೋದಂತೆ ಸಾಮಾನ್ಯವಾಗಿ ಎರಡನೆಯ ಪಟ್ಟಿಯ ಕೆಲಸಗಳು ಮೊದಲು ಕೈತಪ್ಪುತ್ತವೆ. ಬಿಲ್ಲು ಕಟ್ಟದೆ ಉಳಿಯುವುದು, ಒಂದೇ ಮಾತ್ರೆಯನ್ನು ಎರಡು ಬಾರಿ ನುಂಗುವುದು ಕಂಡರೆ ಅದನ್ನು ‘ವಯಸ್ಸಾಯಿತಲ್ಲ’ ಎಂದು ಬದಿಗೆ ಸರಿಸಬಾರದು.

ಪ್ರತಿಯೊಂದು ಕೆಲಸದ ಮುಂದೆಯೂ ಈ ನಾಲ್ಕರಲ್ಲಿ ಒಂದನ್ನು ಗುರುತಿಸಿ: ತಾವೇ ಮಾಡುತ್ತಾರೆ, ಯಾರಾದರೂ ಹತ್ತಿರ ನಿಂತಿದ್ದರೆ ಮಾಡುತ್ತಾರೆ, ಕೈಹಿಡಿದು ಮಾಡಿಸಬೇಕು, ಪೂರ್ತಿಯಾಗಿ ಬೇರೆಯವರೇ ಮಾಡಬೇಕು. ಇವುಗಳಲ್ಲಿ ಎರಡನೆಯದನ್ನು ಬಹುತೇಕ ಮನೆಗಳಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆರೈಕೆ ಮಾಡುವವರ ಸಮಯವನ್ನು ಅತಿ ಹೆಚ್ಚು ತಿನ್ನುವುದು ಮಾತ್ರ ಅದೇ, ಏಕೆಂದರೆ ‘ಸುಮ್ಮನೆ ಹತ್ತಿರ ಇರುವುದು’ ಕೆಲಸದಂತೆ ಕಾಣದಿದ್ದರೂ ಆ ಹೊತ್ತಿನಲ್ಲಿ ಬೇರೇನನ್ನೂ ಮಾಡಲಾಗುವುದಿಲ್ಲ.

ಬರೆಯುವಾಗ ಆ ವ್ಯಕ್ತಿಯನ್ನೇ ಕೇಳಿ ಬರೆಯಿರಿ. ಗಾಲಿಕುರ್ಚಿಯಲ್ಲಿರುವವರ ಬಳಿ ನಿಂತು ಅವರ ವಿಷಯವನ್ನು ಪಕ್ಕದವರೊಂದಿಗೆ ಮಾತನಾಡುವುದು ಅಸಭ್ಯತೆ ಮಾತ್ರವಲ್ಲ, ಮಾಹಿತಿಯ ದೃಷ್ಟಿಯಿಂದ ನಷ್ಟವೂ ಹೌದು. ಮಾತು ಬಾರದವರಿಗೂ ಬೇಕು, ಬೇಡ ಎಂದು ತಿಳಿಸುವ ದಾರಿಗಳಿರುತ್ತವೆ. ಚಿತ್ರಗಳ ಹಲಗೆ, ಸನ್ನೆ, ಕಣ್ಣಿನ ಚಲನೆ, ಯಾವುದರಿಂದಲಾದರೂ ಸರಿ, ಉತ್ತರ ಅವರಿಂದಲೇ ಬರಲಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕುಸಿತ ತಿಂಗಳುಗಳಲ್ಲಿ ನಿಧಾನವಾಗಿ ಆಗದೆ ಒಂದೆರಡು ದಿನಗಳಲ್ಲಿ ಆಗಿದ್ದರೆ, ಅಂದರೆ ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ದಿಕ್ಕುತಪ್ಪಿ ಮಾತನಾಡುತ್ತಿದ್ದರೆ ಅಥವಾ ಅರೆಮಂಪರಿನಲ್ಲಿದ್ದರೆ, ನೋಟ್‌ಬುಕ್ಕನ್ನು ಬದಿಗಿಟ್ಟು ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಹಿರಿಯರಲ್ಲಿ ಹಠಾತ್ ಗೊಂದಲದ ಹಿಂದೆ ಸೋಂಕು, ನಿರ್ಜಲೀಕರಣ, ಹೊಸದಾಗಿ ಸೇರಿದ ಔಷಧಿ, ಮೂತ್ರ ಕಟ್ಟಿಕೊಳ್ಳುವುದು ಮುಂತಾದ ಚಿಕಿತ್ಸೆಯಿಂದ ಸರಿಹೋಗುವ ಕಾರಣಗಳಿರಬಹುದು.

ಹಂತ 2: ಕಡತ ಮತ್ತು ಔಷಧಿಗಳ ಪಟ್ಟಿ

ಗುರುತಿನ ದಾಖಲೆಗಳು, ಆಸ್ಪತ್ರೆಯ ಬಿಡುಗಡೆ ಪತ್ರಗಳು, ಪರೀಕ್ಷಾ ವರದಿಗಳು, ವಿಮೆ, ಬ್ಯಾಂಕ್ ವಿವರ, ಈಗಾಗಲೇ ಸಲ್ಲಿಸಿದ ಅರ್ಜಿಗಳ ಪ್ರತಿ, ಇವೆಲ್ಲ ಒಂದೇ ಕಡತದಲ್ಲಿರಲಿ. ಅದರ ಛಾಯಾಚಿತ್ರಗಳು ಮನೆಯ ಇಬ್ಬರ ಫೋನಿನಲ್ಲಿರಲಿ.

ಔಷಧಿಗಳ ಪಟ್ಟಿಗೆ ಮಾತ್ರ ಹೆಚ್ಚಿನ ಗಮನ ಬೇಕು. ಬೇರೆ ಬೇರೆ ತಜ್ಞರು ಬೇರೆ ಬೇರೆ ಕಾಲದಲ್ಲಿ ಬರೆದುಕೊಟ್ಟ ಮಾತ್ರೆಗಳು, ಅಂಗಡಿಯಿಂದ ನೇರವಾಗಿ ತಂದವು, ಕಣ್ಣಿನ ಹನಿ, ಮುಲಾಮು, ಗಿಡಮೂಲಿಕೆಯ ಪುಡಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಪ್ರಮಾಣ, ಹೊತ್ತು ಮತ್ತು ಕಾರಣದೊಂದಿಗೆ ಬರೆದು, ವರ್ಷಕ್ಕೊಮ್ಮೆಯಾದರೂ ಒಬ್ಬ ವೈದ್ಯರ ಮುಂದೆ ಇಟ್ಟು ‘ಇವುಗಳಲ್ಲಿ ಇನ್ನು ಯಾವುದು ಬೇಡ?’ ಎಂದು ಕೇಳಿ. ಹಿರಿಯರಿಗೆ ಹಾನಿ ಮಾಡಬಹುದಾದ ಔಷಧಿಗಳನ್ನು ಗುರುತಿಸುವ ಬಿಯರ್ಸ್ ಪಟ್ಟಿ 1991ರಿಂದ ಇದೆ; ಅಮೆರಿಕದ ವೃದ್ಧಾಪ್ಯವೈದ್ಯರ ಸಂಘ ಅದನ್ನು 2023ರಲ್ಲಿ ಪರಿಷ್ಕರಿಸಿದೆ. ಕೆಲವು ನಿದ್ರೆ ಮಾತ್ರೆಗಳು ಮತ್ತು ಅಲರ್ಜಿಗೆ ಕೊಡುವ ಹಳೆಯ ಬಗೆಯ ಮಾತ್ರೆಗಳು ಅದರಲ್ಲಿವೆ, ಏಕೆಂದರೆ ಅವು ಮಂಪರು ತಂದು ಬೀಳುವ ಅಪಾಯವನ್ನು ಹೆಚ್ಚಿಸುತ್ತವೆ. ಯಾವುದನ್ನೂ ನೀವಾಗಿಯೇ ಥಟ್ಟನೆ ನಿಲ್ಲಿಸಬಾರದು. ಕೆಲವನ್ನು ಹಂತಹಂತವಾಗಿಯೇ ಕಡಿಮೆ ಮಾಡಬೇಕಾಗುತ್ತದೆ.

ಹಂತ 3: ಯಾರನ್ನು ಯಾವುದಕ್ಕೆ ಕೇಳಬೇಕು

ನಡಿಗೆ, ಸಮತೋಲನ, ಸ್ನಾಯುಬಲದ ವಿಷಯಕ್ಕೆ ಫಿಸಿಯೋಥೆರಪಿಸ್ಟ್ ಇದ್ದಾರೆ. ಉಡುಗೆ, ಸ್ನಾನ, ಮನೆಯ ಮಾರ್ಪಾಡು, ಸಾಧನಗಳ ಆಯ್ಕೆಗೆ ಆಕ್ಯುಪೇಷನಲ್ ಥೆರಪಿಸ್ಟ್ ಸರಿಯಾದವರು. ಹೆಚ್ಚಿನ ಕುಟುಂಬಗಳು ಇವರ ಹೆಸರನ್ನೇ ಕೇಳಿರುವುದಿಲ್ಲ, ಆದರೆ ದಿನನಿತ್ಯದ ಬದುಕನ್ನು ಹಗುರಗೊಳಿಸುವಲ್ಲಿ ಇವರಷ್ಟು ಉಪಯುಕ್ತರು ಅಪರೂಪ. ವಾಕ್ ಚಿಕಿತ್ಸಕರು ಮಾತಿಗೆ ಮಾತ್ರವಲ್ಲ, ನುಂಗುವ ತೊಂದರೆಗೂ ಬೇಕು. ಊಟದ ನಡುವೆ ಕೆಮ್ಮು ಬರುತ್ತಿದ್ದರೆ, ನುಂಗಿದ ನಂತರ ದನಿ ಗೊರಗೊರ ಎನ್ನುತ್ತಿದ್ದರೆ ಆಹಾರ ಶ್ವಾಸನಾಳದತ್ತ ಸರಿಯುತ್ತಿರಬಹುದು. ವಾಕ್ ಚಿಕಿತ್ಸಕರನ್ನು ಕಾಣುವವರೆಗೆ ರೋಗಿಯನ್ನು ನೇರವಾಗಿ ಕೂರಿಸಿ ಸಣ್ಣ ಸಣ್ಣ ತುತ್ತು ಕೊಡಿ, ಊಟದ ನಂತರ ಅರ್ಧ ಗಂಟೆ ಮಲಗಿಸಬೇಡಿ. ದೊಡ್ಡ ಆಸ್ಪತ್ರೆಗಳಲ್ಲಿ ಇರುವ ವೈದ್ಯಕೀಯ ಸಮಾಜ ಕಾರ್ಯಕರ್ತರಿಗೆ ಯಾವ ಯೋಜನೆ, ಯಾವ ಕಚೇರಿ, ಯಾವ ಸಂಸ್ಥೆ ಎಂಬುದು ವೈದ್ಯರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ರೋಗಿಯನ್ನು ಮನೆಗೆ ಕಳುಹಿಸುವ ದಿನವಲ್ಲ, ಅದಕ್ಕೂ ಕೆಲವು ದಿನ ಮೊದಲೇ ಅವರನ್ನು ಭೇಟಿ ಮಾಡಿ. ನೋವು, ಸಂಕಟ ತಗ್ಗಿಸುವ ಉಪಶಮನ ಆರೈಕೆಯ ತಂಡ ಕೊನೆಯ ದಿನಗಳಿಗೆ ಮಾತ್ರ ಮೀಸಲು ಎಂಬುದು ತಪ್ಪು ತಿಳಿವಳಿಕೆ. ದೀರ್ಘಕಾಲದ ನೋವು, ಉಸಿರಾಟದ ಕಷ್ಟ ಇರುವವರಿಗೆ ಚಿಕಿತ್ಸೆ ನಡೆಯುತ್ತಿರುವಾಗಲೇ ಅದು ನೆರವಾಗುತ್ತದೆ.

ಹಂತ 4: ಮನೆಯನ್ನು ಹೊಂದಿಸಿ

ಬೀಳುವುದರಿಂದ ವರ್ಷಕ್ಕೆ ಅಂದಾಜು 6,84,000 ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಹಿರಿಯರ ಪಾಲು ದೊಡ್ಡದು. ಮನೆಯನ್ನು ಪೂರ್ತಿಯಾಗಿ ಬದಲಿಸುವ ಅಗತ್ಯವಿಲ್ಲ. ಹಾಸಿಗೆಯಿಂದ ಶೌಚಾಲಯದವರೆಗಿನ ದಾರಿಯೊಂದನ್ನು ರಾತ್ರಿಯ ಕತ್ತಲಲ್ಲಿ ನಡೆದು ನೋಡಿದರೆ ಮಾಡಬೇಕಾದ ಕೆಲಸಗಳ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಜಾರುವ ಕಾಲೊರಸು ತೆಗೆಯಿರಿ, ನೆಲದ ಮೇಲಿನ ವೈರುಗಳನ್ನು ಗೋಡೆಗೆ ಸೇರಿಸಿ, ಮಂದ ದೀಪವೊಂದು ಉರಿಯುತ್ತಿರಲಿ, ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿ.

ಸ್ನಾನಗೃಹದಲ್ಲಿ ಕಮೋಡಿನ ಪಕ್ಕ ಮತ್ತು ಸ್ನಾನ ಮಾಡುವ ಜಾಗದಲ್ಲಿ ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕಂಬಿಗಳು ಬೇಕು. ಟವೆಲ್ ನೇತುಹಾಕುವ ಸರಳು ಹಿಡಿಕಂಬಿಯಲ್ಲ. ಅದನ್ನು ನಂಬಿ ಭಾರ ಹಾಕಿದರೆ ಕಿತ್ತುಬರುತ್ತದೆ. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಮೇಲು, ಏಕೆಂದರೆ ಒಳಗೆ ಬಿದ್ದವರ ದೇಹ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತಳ್ಳಿ ತೆರೆಯುವುದು ಕಷ್ಟ. ಒಳಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಾಗಿರಲಿ.

ಗಾಲಿಕುರ್ಚಿಗೆ ಇಳಿಜಾರು ಕಟ್ಟಿಸುವವರು 1:12 ಎಂಬ ಪ್ರಮಾಣವನ್ನು ನೆನಪಿಡಬೇಕು. 15 ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿಗೆ ಕನಿಷ್ಠ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕಾಗುತ್ತದೆ. ಜಾಗ ಉಳಿಸಲು ಕಡಿದಾಗಿ ಕಟ್ಟಿದ ಇಳಿಜಾರನ್ನು ಕುರ್ಚಿಯಲ್ಲಿರುವವರು ತಾವಾಗಿ ಹತ್ತಲಾರರು, ಇಳಿಯುವಾಗ ಹಿಂದಿನಿಂದ ಹಿಡಿದವರೂ ತಡೆಯಲಾರರು. ಬಾಗಿಲಿನ ತೆರವು 80 ರಿಂದ 90 ಸೆಂಟಿಮೀಟರ್, ಕುರ್ಚಿ ಪೂರ್ತಿ ತಿರುಗಲು 150 ಸೆಂಟಿಮೀಟರ್ ವ್ಯಾಸದ ಜಾಗ ಇರಬೇಕು.

ಹಂತ 5: ಸಾಧನಗಳ ಆಯ್ಕೆ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಕನ್ನಡಕ, ಶ್ರವಣಯಂತ್ರ, ಗಾಲಿಕುರ್ಚಿಯಂತಹ ಒಂದಾದರೂ ಸಹಾಯಕ ಸಾಧನದ ಅಗತ್ಯವಿದೆ. ಸಾಧನ ಸಿಕ್ಕರೆ ಸಾಲದು, ದೇಹಕ್ಕೆ ಹೊಂದಬೇಕು. ಊರುಗೋಲಿನ ಹಿಡಿ, ಕೈಯನ್ನು ಸಡಿಲವಾಗಿ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಅದನ್ನು ನೋವಿನ ಕಾಲಿನ ಬದಿಯಲ್ಲಲ್ಲ, ಗಟ್ಟಿ ಕಾಲಿನ ಬದಿಯ ಕೈಯಲ್ಲಿ ಹಿಡಿಯಬೇಕು. ಈ ಒಂದು ಮಾತನ್ನು ಯಾರೂ ಹೇಳಿಕೊಡದೆ ವರ್ಷಗಟ್ಟಲೆ ತಪ್ಪಾಗಿ ನಡೆಯುವವರು ಬಹಳ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು.

ಗಾಲಿಕುರ್ಚಿಯ ಆಸನ ಅಗಲವಾದಷ್ಟೂ ಆರಾಮ ಎಂಬುದು ಸರಿಯಲ್ಲ. ಅತಿ ಅಗಲವಾದರೆ ದೇಹ ಒಂದು ಬದಿಗೆ ವಾಲುತ್ತದೆ, ಚಕ್ರಗಳು ಕೈಗೆಟುಕುವುದಿಲ್ಲ. ಆಸನದ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಎರಡು ಮೂರು ಬೆರಳಿನಷ್ಟು ಅಂತರವಿರಲಿ. ಶ್ರವಣಯಂತ್ರ ತಂದ ಮೊದಲ ದಿನಗಳಲ್ಲಿ ಸದ್ದುಗಳೆಲ್ಲ ಕರ್ಕಶವೆನಿಸಿ ಅದು ಪೆಟ್ಟಿಗೆ ಸೇರುವ ಸಂಭವ ಹೆಚ್ಚು. ದಿನಕ್ಕೆ ಒಂದೆರಡು ಗಂಟೆಯಿಂದ ಆರಂಭಿಸಿ, ಮತ್ತೆ ಮತ್ತೆ ಶ್ರವಣತಜ್ಞರಿಂದ ಹೊಂದಿಸಿಕೊಳ್ಳಬೇಕು. ದೃಷ್ಟಿ ಕಡಿಮೆ ಇರುವವರು ಸ್ಮಾರ್ಟ್‌ಫೋನುಗಳಲ್ಲಿ ಈಗಾಗಲೇ ಅಡಕವಾಗಿರುವ, ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಸೌಲಭ್ಯವನ್ನು ಮೊದಲು ಕಲಿತು ನೋಡುವುದು ಒಳ್ಳೆಯದು. ಹೊಸ ಉಪಕರಣದ ಖರ್ಚು ಅದರಿಂದಲೇ ತಪ್ಪಬಹುದು.

ಹಂತ 6: ಹಾಸಿಗೆ ಹಿಡಿದವರ ಆರೈಕೆ

ಇಲ್ಲಿನ ಮುಖ್ಯ ಶತ್ರು ಒತ್ತುಹುಣ್ಣು, ಅಂದರೆ ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದಾಗ ಒತ್ತಡ ಬಿದ್ದ ಜಾಗದಲ್ಲಿ ಆಗುವ ಹುಣ್ಣು. ಬಾಲಮೂಳೆ, ಹಿಮ್ಮಡಿ, ಸೊಂಟದ ಬದಿ, ಭುಜದ ಮೂಳೆಯ ಮೇಲೆ ದಿನವೂ ಕಣ್ಣಾಡಿಸಿ. ಚರ್ಮ ಕೆಂಪಾಗಿದ್ದು, ಬೆರಳಿನಿಂದ ಒತ್ತಿ ಬಿಟ್ಟಾಗಲೂ ಆ ಕೆಂಪು ಮಾಯವಾಗದಿದ್ದರೆ ಹುಣ್ಣು ಆರಂಭವಾಗಿದೆ ಎಂದೇ ತಿಳಿಯಬೇಕು. ಕಪ್ಪು ಚರ್ಮದಲ್ಲಿ ಕೆಂಪು ಕಾಣದು, ಬಿಸಿ ಅಥವಾ ಗಡಸುತನ ಬೆರಳಿಗೆ ತಾಗುತ್ತದೆ. ಮಗ್ಗುಲು ಬದಲಿಸಲು 2 ಗಂಟೆಗೊಮ್ಮೆ ಎಂಬುದು ರೂಢಿಯ ನಿಯಮ; ಹಾಸಿಗೆಯ ಬಗೆ ಮತ್ತು ಚರ್ಮದ ಸ್ಥಿತಿ ನೋಡಿ ದಾದಿಯರು ಈ ಅಂತರವನ್ನು ಹೆಚ್ಚು ಕಡಿಮೆ ಮಾಡಿಕೊಡುತ್ತಾರೆ. ಪೂರ್ತಿ ಪಕ್ಕಕ್ಕೆ ಮಲಗಿಸುವುದಕ್ಕಿಂತ ಬೆನ್ನ ಹಿಂದೆ ದಿಂಬಿಟ್ಟು ಸುಮಾರು 30 ಡಿಗ್ರಿ ಓರೆಯಾಗಿಸುವುದು ಒಳ್ಳೆಯದು. ನಡುವೆ ರಂಧ್ರವಿರುವ ಉಂಗುರದಂಥ ದಿಂಬನ್ನು ಬಳಸಬೇಡಿ, ಅದು ಅಂಚಿನಲ್ಲಿ ರಕ್ತಸಂಚಾರವನ್ನು ತಡೆಯುತ್ತದೆ.

ಎಬ್ಬಿಸುವಾಗ ಕಂಕುಳಿಗೆ ಕೈಹಾಕಿ ಎತ್ತಬಾರದು. ಪಾರ್ಶ್ವವಾಯುವಿನಿಂದ ಸೋತ ತೋಳನ್ನು ಎಳೆದರೆ ಭುಜದ ಕೀಲು ಜಾರಬಹುದು. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ, ಗಾಲಿಕುರ್ಚಿಯನ್ನು ಅವರ ಗಟ್ಟಿ ಬದಿಗೆ ತಂದು, ಬ್ರೇಕ್ ಹಾಕಿ, ಕಾಲಿಡುವ ಹಲಗೆಗಳನ್ನು ಮೇಲಕ್ಕೆ ಮಡಚಿ, ನೀವು ಬೆನ್ನನ್ನಲ್ಲ, ಮಂಡಿಯನ್ನು ಬಗ್ಗಿಸಿ ಎತ್ತಿ. ಬೆನ್ನುನೋವು ಹಿಡಿದ ಆರೈಕೆದಾರರಿಂದ ಎರಡು ಜೀವಗಳಿಗೆ ಕಷ್ಟ.

ಹಂತ 7: ಅರ್ಜಿ, ಪ್ರಮಾಣಪತ್ರ, ಹಕ್ಕು

ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದರೂ ನೆರವಿನ ಬಗೆಗಳು ಬಹುತೇಕ ಒಂದೇ: ಮಾಸಿಕ ಧನಸಹಾಯ ಅಥವಾ ಪಿಂಚಣಿ, ತೆರಿಗೆ ಮತ್ತು ಪ್ರಯಾಣದ ರಿಯಾಯಿತಿ, ಸಾಧನಗಳು, ಮನೆಗೆ ಬಂದು ಮಾಡುವ ಸೇವೆ, ಶಿಕ್ಷಣ ಮತ್ತು ಉದ್ಯೋಗದ ಮೀಸಲು ಅಥವಾ ಹೊಂದಾಣಿಕೆ. ಇವುಗಳಲ್ಲಿ ಹೆಚ್ಚಿನವಕ್ಕೆ ಬಾಗಿಲು ಅಂಗವೈಕಲ್ಯದ ಅಥವಾ ಆರೈಕೆಯ ಅಗತ್ಯದ ಅಧಿಕೃತ ಮೌಲ್ಯಮಾಪನ. ಅದನ್ನು ಮೊದಲು ಪಡೆಯಿರಿ, ಉಳಿದ ಅರ್ಜಿಗಳು ಅದರ ಹಿಂದೆ ಬರಲಿ.

ಮೌಲ್ಯಮಾಪನದ ದಿನ ಒಂದು ವಿಚಿತ್ರ ನಡೆಯುತ್ತದೆ. ಮನೆಯಲ್ಲಿ ಒಬ್ಬರ ಆಸರೆಯಿಲ್ಲದೆ ಏಳಲಾರದ ಹಿರಿಯರು ಅಧಿಕಾರಿಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ‘ನನಗೇನೂ ತೊಂದರೆಯಿಲ್ಲ, ಎಲ್ಲ ನಾನೇ ಮಾಡಿಕೊಳ್ಳುತ್ತೇನೆ’ ಎಂದುಬಿಡುತ್ತಾರೆ. ಅವರ ಸ್ವಾಭಿಮಾನಕ್ಕೆ ಧಕ್ಕೆ ತರದೆ ಸತ್ಯವನ್ನು ಮುಂದಿಡಲು ಆ ಒಂದು ವಾರದ ನೋಟ್‌ಬುಕ್ಕೇ ದಾರಿ. ‘ಕಷ್ಟವಾಗುತ್ತದೆ’ ಎಂಬ ಒಣ ಮಾತಿಗಿಂತ ‘ರಾತ್ರಿ 3 ಬಾರಿ ಎಬ್ಬಿಸಿ ಶೌಚಾಲಯಕ್ಕೆ ಕರೆದೊಯ್ಯಬೇಕು’ ಎಂಬ ಸಾಲಿಗೆ ತೂಕ ಹೆಚ್ಚು. ಉತ್ಪ್ರೇಕ್ಷೆ ಬೇಡ, ಒಳ್ಳೆಯ ದಿನವನ್ನೂ ಕೆಟ್ಟ ದಿನವನ್ನೂ ಎರಡನ್ನೂ ಹೇಳಿ.

ಪ್ರತಿ ಅರ್ಜಿಯ ಪ್ರತಿ, ಸ್ವೀಕೃತಿ ಸಂಖ್ಯೆ, ದಿನಾಂಕ ಕಡತದಲ್ಲಿರಲಿ. ನಿರಾಕರಣೆ ಬಂದರೆ ಕಾರಣವನ್ನು ಲಿಖಿತವಾಗಿ ಕೇಳಿ, ಮೇಲ್ಮನವಿಗೆ ಎಷ್ಟು ದಿನಗಳ ಗಡುವಿದೆ ಎಂಬುದನ್ನು ಅಂದೇ ಗುರುತು ಹಾಕಿಕೊಳ್ಳಿ. ಕೇಳುವುದು ಭಿಕ್ಷೆಯಲ್ಲ. ವಿಶ್ವಸಂಸ್ಥೆ 2006ರ ಡಿಸೆಂಬರ್ 13ರಂದು ಅಂಗೀಕರಿಸಿದ, 2008ರ ಮೇ 3ರಿಂದ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಗೆ ಜಗತ್ತಿನ ಬಹುಪಾಲು ದೇಶಗಳು ಸಹಿ ಹಾಕಿವೆ. ಅದರ 28ನೆಯ ವಿಧಿ, ಬಡತನದಲ್ಲಿರುವ ಅಂಗವಿಕಲರಿಗೂ ಅವರ ಕುಟುಂಬಗಳಿಗೂ ವೈಕಲ್ಯದಿಂದಾಗುವ ಖರ್ಚಿನಲ್ಲಿ ಸರ್ಕಾರದ ನೆರವು ಸಿಗಬೇಕೆಂದು ಹೇಳುವಾಗ ತರಬೇತಿ, ಸಮಾಲೋಚನೆ ಮತ್ತು ಆರೈಕೆದಾರರಿಗೆ ಬಿಡುವು ಕೊಡುವ ಸೇವೆಯನ್ನೂ ಹೆಸರಿಸುತ್ತದೆ.

ಹಂತ 8: ಹಣ, ಸಹಿ, ಮುಂದಿನ ದಿನಗಳು

ಮರೆವಿನ ಕಾಯಿಲೆ ಪತ್ತೆಯಾದರೆ ಕಾನೂನು ಸಲಹೆಯನ್ನು ಮುಂದೂಡಬಾರದು. ತಮ್ಮ ಪರವಾಗಿ ಯಾರು ವ್ಯವಹರಿಸಬೇಕು, ಎಂತಹ ಚಿಕಿತ್ಸೆ ಬೇಕು, ಎಂತಹದು ಬೇಡ ಎಂಬುದನ್ನು ಅವರು ತಿಳಿದು ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ ಬರೆದಿಡಬೇಕು. ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಸಾಮಾನ್ಯ ಮುಖ್ತ್ಯಾರುನಾಮೆ ಹಲವು ದೇಶಗಳಲ್ಲಿ ಬರೆದುಕೊಟ್ಟವರ ಮಾನಸಿಕ ಸಾಮರ್ಥ್ಯ ಹೋದೊಡನೆ ಅಸಿಂಧುವಾಗುತ್ತದೆ, ಅಂದರೆ ಅತಿ ಅಗತ್ಯವಾದ ಹೊತ್ತಿನಲ್ಲೇ ಕೈಕೊಡುತ್ತದೆ. ನಿಮ್ಮಲ್ಲಿ ನಿಯಮ ಏನೆಂದು ವಕೀಲರನ್ನು ಕೇಳಿ ತಿಳಿಯಿರಿ. ಬೌದ್ಧಿಕ ತೊಡಕಿರುವ ಮಗುವಿನ ತಂದೆತಾಯಿಗಳು ತಮ್ಮ ನಂತರದ ಏರ್ಪಾಡಿನ ಬಗ್ಗೆ, ಆಸ್ತಿಯ ಜೊತೆಗೆ ಮಗುವಿನ ದಿನಚರಿ, ಇಷ್ಟಾನಿಷ್ಟ, ಹೆದರಿಕೆ, ಸಮಾಧಾನಗೊಳ್ಳುವ ಬಗೆ ಎಲ್ಲವನ್ನೂ ವಿವರಿಸುವ ಪತ್ರವೊಂದನ್ನು ಬರೆದು ವರ್ಷಕ್ಕೊಮ್ಮೆ ತಿದ್ದುತ್ತಿರಬೇಕು. ಉಯಿಲಿಗಿಂತ ಈ ಪತ್ರವೇ ಮುಂದೆ ನೋಡಿಕೊಳ್ಳುವವರಿಗೆ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಣದ ವಿಷಯದಲ್ಲಿ ಒಬ್ಬರ ಕೈಗೇ ಎಲ್ಲವನ್ನೂ ಒಪ್ಪಿಸಬೇಡಿ, ಲೆಕ್ಕವನ್ನು ಇನ್ನೊಬ್ಬರು ನೋಡುವಂತಿರಲಿ. 60 ದಾಟಿದವರಲ್ಲಿ ಸುಮಾರು 6 ಮಂದಿಗೆ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯಕ್ಕೆ ಒಳಗಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅದರಲ್ಲಿ ಹಣದ ದುರುಪಯೋಗವೂ ಸೇರಿದೆ.

ಹಂತ 9: ಆರೈಕೆದಾರರಿಗೂ ಒಂದು ಪುಟ

ನೋಟ್‌ಬುಕ್ಕಿನಲ್ಲಿ ಆರೈಕೆ ಮಾಡುವವರ ಹೆಸರಿನಲ್ಲೂ ಒಂದು ಪುಟವಿರಬೇಕು. ಎಷ್ಟು ಗಂಟೆ ನಿದ್ರೆ, ತಮ್ಮ ಸ್ವಂತ ಔಷಧಿ ಮತ್ತು ತಪಾಸಣೆ ತಪ್ಪಿದೆಯೇ, ಮನೆಯಿಂದ ಹೊರಗೆ ಹೋಗಿ ಎಷ್ಟು ದಿನವಾಯಿತು ಎಂಬುದನ್ನು ಬರೆಯಿರಿ. ಹೊರೆಯನ್ನು ಅಳೆಯಲು ಜರಿಟ್ ಎಂಬ ಸಂಶೋಧಕರ ಹೆಸರಿನ 22 ಪ್ರಶ್ನೆಗಳ ಪ್ರಶ್ನಾವಳಿಯನ್ನು ಹಲವೆಡೆ ಬಳಸುತ್ತಾರೆ. ಸಣ್ಣಪುಟ್ಟದಕ್ಕೆ ಸಿಡುಕುವುದು, ಆ ಬಳಿಕ ಅಪರಾಧಿ ಭಾವ, ನಿದ್ದೆಗೇಡು, ಯಾರೊಂದಿಗೂ ಮಾತು ಬೇಡವೆನಿಸುವುದು, ಇವು ಸ್ವಭಾವದ ದೋಷಗಳಲ್ಲ, ದಣಿವಿನ ಲಕ್ಷಣಗಳು. ವಾರಗಟ್ಟಲೆ ಉಳಿದರೆ ವೈದ್ಯರಿಗೆ ಹೇಳಬೇಕು.

‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವ ಬಂಧುಗಳು ಎಲ್ಲ ಮನೆಗಳಿಗೂ ಇರುತ್ತಾರೆ. ಅವರಿಗೆ ‘ಪ್ರತಿ ಶನಿವಾರ 10 ರಿಂದ 1 ಗಂಟೆಯವರೆಗೆ ನೀವು ಬಂದು ಕೂರಬಹುದೇ?’ ಎಂದು ದಿನ, ಹೊತ್ತು, ಕೆಲಸ ಮೂರನ್ನೂ ಸೇರಿಸಿ ಕೇಳಿ. ದೂರದಲ್ಲಿರುವವರು ಬಿಲ್ಲು ಕಟ್ಟುವುದು, ವೈದ್ಯರ ಭೇಟಿ ಗೊತ್ತುಮಾಡುವುದು, ಅರ್ಜಿ ತುಂಬುವುದನ್ನು ವಹಿಸಿಕೊಳ್ಳಬಹುದು. ಹಗಲು ಆರೈಕೆ ಕೇಂದ್ರ, ಕೆಲವು ದಿನಗಳ ತಾತ್ಕಾಲಿಕ ವಾಸದ ಸೇವೆ ಇದ್ದರೆ ಸೋತು ಕುಸಿದ ಮೇಲಲ್ಲ, ಮೊದಲೇ ಬಳಸಿ ಅಭ್ಯಾಸ ಮಾಡಿಸಿ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಐಸಪೋರ್ಟ್ ಎಂಬ ಉಚಿತ ತರಬೇತಿ ಸಾಮಗ್ರಿ ಇದೆ. 1984ರಲ್ಲಿ ಸ್ಥಾಪನೆಯಾದ ಆಲ್ಜೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಒಕ್ಕೂಟದ ಸದಸ್ಯ ಸಂಘಗಳು ಹಲವು ದೇಶಗಳಲ್ಲಿ ಆರೈಕೆದಾರರ ಗುಂಪುಗಳನ್ನು ನಡೆಸುತ್ತವೆ. ಸಂಬಳಕ್ಕೆ ಸಹಾಯಕರನ್ನು ಇಟ್ಟುಕೊಂಡರೆ ಕೆಲಸಗಳು, ಹೊತ್ತು, ವಾರದ ರಜೆ ಮೂರನ್ನೂ ಬರವಣಿಗೆಯಲ್ಲಿ ನಿಗದಿ ಮಾಡಿ. ದಣಿಯುವುದರಲ್ಲಿ ಅವರು ಮನೆಯವರಿಗಿಂತ ಬೇರೆಯಲ್ಲ.

ಹಂತ 10: ನೀವಿಲ್ಲದ ದಿನಕ್ಕೆ ಒಂದು ಹಾಳೆ

ಆರೈಕೆದಾರರೇ ಜ್ವರ ಹಿಡಿದು ಮಲಗುವ ದಿನ ಬಂದೇ ಬರುತ್ತದೆ. ಕಾಯಿಲೆಯ ಹೆಸರು, ಅಲರ್ಜಿ, ಔಷಧಿಯ ಹೊತ್ತು, ಎಬ್ಬಿಸುವ ಮತ್ತು ಉಣಿಸುವ ಕ್ರಮ, ಕಿವಿ ಮತ್ತು ಕಣ್ಣಿನ ಸಾಧನಗಳಿರುವ ಜಾಗ, ಅವರನ್ನು ಸಮಾಧಾನಪಡಿಸುವ ಮಾತು, ವೈದ್ಯರ ಮತ್ತು ಇಬ್ಬರು ಬಂಧುಗಳ ಫೋನ್ ಸಂಖ್ಯೆ, ಇಷ್ಟನ್ನು ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಬಳಿ ಅಂಟಿಸಿ. ನಂತರ ಅದನ್ನು ಪರೀಕ್ಷಿಸಿ: ಯಾರಾದರೊಬ್ಬರನ್ನು ಅರ್ಧ ದಿನಕ್ಕೆ ಕರೆದು, ನೀವು ಪಕ್ಕದ ಕೋಣೆಯಲ್ಲಿದ್ದು, ಹಾಳೆ ನೋಡಿಕೊಂಡೇ ಎಲ್ಲವನ್ನೂ ಮಾಡಲು ಹೇಳಿ. ಅವರು ಎದ್ದುಬಂದು ನಿಮ್ಮನ್ನು ಕೇಳಿದ ಪ್ರತಿಯೊಂದು ಪ್ರಶ್ನೆಯ ಉತ್ತರವನ್ನೂ ಹಾಳೆಗೆ ಸೇರಿಸಿ.